ಪರೀಕ್ಷೆಗಿಂತ ಮೊದಲ ಪಾಸಾದ ಕರಾಟೆ ಡ್ರೆಸ್

“ಅರಿವಿ ಒಗಿಯೋದು ಅಂದ್ರ ಏನು ದೊಡ್ಡ ಯುದ್ಧೇನ? ನೀರು, ಸಬಕಾರ, ಬಿಸಲು. ಮೂರೂ ವಿಜ್ಞಾನ! ವಿಜ್ಞಾನ ಅಂದ್ರ ಈ ಸೋಮನಿಂಗನ ಎಡಗೈ ಆಟ!”

ಶುಕ್ರವಾರ ಸಂಜೀಕ, ಇಂಡಿ ಊರೊಳಗಿನ ತನ್ನ ಮನಿ ಪಡಸಾಲ್ಯಾಗ, ಚಾದ ಕಪ್ಪ ಎತ್ತಿ ಹಿಡಕೊಂಡು ಸೋಮನಿಂಗ ಮಾಸ್ತರ ಹಿಂಗ ಡಂಗುರ ಹೊಡದ. ಅಂವ ಹೈಸ್ಕೂಲಿನ್ಯಾಗ ವಿಜ್ಞಾನ ಕಲಸೋ ಮಾಸ್ತರ. ಸಾಲ್ಯಾಗ ಅಂವನ ಮಾತಿಗೆ ಎದುರಿಲ್ಲ. ಮನ್ಯಾಗ ಎದುರಿಗೆ ಹೆಂಡತಿ ಭಾಗ್ಯಾ ಕುಂತಿದ್ದಳು, ತೊಡಿ ಮ್ಯಾಲ ಹೊಸಾ ಕರಾಟೆ ಡ್ರೆಸ್ ಇಟಗೊಂಡು. ಹಾಲಿನಂಥಾ ಬಿಳಿ ಡ್ರೆಸ್ಸು. ಹೊಸಾ ಗಂಜಿಗೆ ಹಪ್ಪಳದಂಗ ಸೆಟದು ನಿಂತಿತ್ತು.

“ನಾಳಿಗೆ ನನಗ ಇಡೀ ದಿನ ಹಾಸ್ಟೆಲಿನ್ಯಾಗ ಕೆಲಸ ಐತ್ರಿ. ನಾಡದ ಐತವಾರ ಸಿಂದಗಿಯಾಗ ಕರಾಟೆ ಪರೀಕ್ಷಾ. ಇದನ್ನ ಬರೇ ನೀರಾಗ ಅದ್ದಿ, ಗಂಜಿ ಬಿಡಿಸಿ, ಒಣಗಿಸಿ, ಇಸ್ತ್ರಿ ಹೊಡದು ಇಡ್ರಿ. ಮತ್ತೇನೂ ಮಾಡಬ್ಯಾಡ್ರಿ.”

“ಮತ್ತೇನೂ ಅಂದ್ರ?”

“ಮತ್ತೇನೂ ಅಂದ್ರ ಮತ್ತೇನೂ!”

“ಬೆಲ್ಟ್?”

“ಬೆಲ್ಟ್ ಅಂತೂ ಮುಟ್ಟಲೇಬ್ಯಾಡ್ರಿ!”

“ನೀ ನಿಶ್ಚಿಂತಿಲೆ ಹೋಗು. ಐತವಾರ ಸಿಂದಗಿ ಮಂದಿ ನಿನ್ನ ಡ್ರೆಸ್ ನೋಡಿ ಕಣ್ಣಿಗೆ ಕೈ ಅಡ್ಡ ಹಿಡೀಬೇಕು, ಹಂಗ ಹೊಳಸ್ತೇನಿ!”

ಭಾಗ್ಯಾ ಗಂಡನ ಮಾರಿ ಒಂದು ಗಳಿಗಿ ನೋಡಿದಳು. ಅತ್ತಿ ಚಂದವ್ವನ ಕಡಿಂದ ಸೂಜಿ-ದಾರದ ಡಬ್ಬಿ ಇಸಗೊಂಡು ಒಳಗ ಹೋದಳು.

ಈ ಕರಾಟೆ ಮನಿಗೆ ಬಂದದ್ದ ಒಂದು ಮೋಜಿನ ಸಂಗತಿ. ಭಾಗ್ಯಾ ಹೆಣ್ಣಮಕ್ಕಳ ಹಾಸ್ಟೆಲಿನ ವಾರ್ಡನ್. ಹುಡಿಗ್ಯಾರು ತಮ್ಮನ್ನ ತಾವು ಕಾಪಾಡ್ಕೋಬೇಕು ಅಂತ ಅಲ್ಲಿಗೆ ಕರಾಟೆ ಕಲಸಾಕ ಮಹಮ್ಮದಹನೀಫ ಮಾಸ್ತರು ಬಂದ್ರು. ಹುಡಿಗ್ಯಾರ ಜೋಡಿ ನಿಂದ್ರಾಕ ಅಂತ ಭಾಗ್ಯಾನೂ ಸೀರಿ ಸೆರಗು ಸಿಗಿಸಿ ನಿಂತಳು. ಹುಡಿಗ್ಯಾರು ಮೈಕೈ ನೋವು ಅಂತ ಒಬ್ಬೊಬ್ಬರ ಬಿಟ್ಟರು, ವಾರ್ಡನ್ ಅಕ್ಕಾರು ಮಾತ್ರ ಬಿಡಲಿಲ್ಲ! ಬಿಳಿ ಬೆಲ್ಟ್ ಹೋಗಿ ಹಳದಿ ಬಂತು. ಹಳದಿ ಹೋಗಿ ಕೇಸರಿ ಬರಬೇಕಾಗಿತ್ತು. ಆದ್ರ ಹ್ವಾದ ವರ್ಷ ಸಿಂದಗಿ ಪರೀಕ್ಷಾದಾಗ, ಎಲ್ಲಾರೂ ಎಡಕ್ಕ ತಿರಿಗಿದಾಗ ಭಾಗ್ಯಾ ಒಬ್ಬಾಕಿನ ಬಲಕ್ಕ ತಿರಿಗಿದಳು. ನಾಪಾಸ್! ಹಾಸ್ಟೆಲಿಗೆ ಬಂದ್ರ ಹುಡಿಗ್ಯಾರು, “ಅಕ್ಕಾರ, ನಿಮಗ ಆಗಲಿಲ್ಲ ಅಂದಮ್ಯಾಲ ನಮಗೇನ ಆಗ್ತೈತ್ರಿ?” ಅಂದುಬಿಟ್ಟರು. ಆ ಮಾತು ಆಕಿಗೆ ಭಾಳ ಹತ್ತಿತ್ತು. “ಈ ಸಲ ನಾ ಪಾಸಾದ್ರ ನೀವೆಲ್ಲಾ ಹೊಳ್ಳಿ ಕ್ಲಾಸಿಗೆ ಬರಬೇಕು” ಅಂತ ಹುಡಿಗ್ಯಾರ ಕಡಿಂದ ವಚನ ತಗೊಂಡಿದ್ದಳು. ಹಿಂಗಾಗಿ ಐತವಾರದ ಪರೀಕ್ಷಾ ಆಕಿ ಒಬ್ಬಾಕಿದ ಆಗಿರಲಿಲ್ಲ.

ಸೋಮನಿಂಗನಿಗೆ ಕರಾಟೆ ಬರತಿರಲಿಲ್ಲ, ಕರಾಟೆ ಬಗ್ಗೆ ಪ್ರಶ್ನೆ ಮಾತ್ರ ಬರತಿದ್ವು. ಹುಟ್ಟಿದಾಗ ಅಳೂದು ಬಿಟ್ಟು “ಯಾಕ?” ಅಂದಂವ ಅಂತ ಅವ್ವ ಈಗೂ ಹೇಳತಾಳ. ಊಟಕ್ಕ ಕುಂತಾಗ ಶುರು ಆಗತಿತ್ತು.

“ಡ್ರೆಸ್ ಬಿಳಿನ ಯಾಕ?”

“ಎಲ್ಲಾರೂ ಒಂದ ಅಂತ್ರಿ. ಬಿಳಿ ಅರಿವ್ಯಾಗ ಗೌಡ್ರ ಮಗಳ್ಯಾರು, ಆಳಿನ ಮಗಳ್ಯಾರು ಗೊತ್ತಾಗಂಗಿಲ್ಲ.”

“ಅಂಗಿ ಎಡಗಡೆದ ಮ್ಯಾಲ ಯಾಕ?”

“ಬಲಗಡೆದು ಮ್ಯಾಲ ಬಂದ್ರ ಅದು ಜಪಾನಿನ್ಯಾಗ ಸತ್ತವರಿಗೆ ಉಡಸೋ ರೀತಿ ಅಂತ.”

“ಬೆಲ್ಟಿನ ಬಣ್ಣ ಹೆಂಗ ಏರ್ತಾವ?”

“ನಮ್ಮ ಕ್ಲಾಸಿನ್ಯಾಗ ಬಿಳಿ, ಹಳದಿ, ಕೇಸರಿ, ಹಸರು, ನೀಲಿ, ಕಂದು, ಕಡೀಕ ಕರಿ.”

“ಬೆಲ್ಟ್ ಯಾಕ ಒಗಿಬಾರದು?”

“ಕಲತದ್ದು ತೊಳದು ಹೋಗ್ತೈತಿ ಅಂತ ನಂಬಿಕಿ. ಹಿಂದಕ ಒಂದ ಬಿಳಿ ಬೆಲ್ಟ್ ಇತ್ತಂತ್ರಿ. ಬೆವರು, ಮಣ್ಣು ಹತ್ತಿ ಹತ್ತಿ ಅದ ಕರ್ರಗ ಆಗತಿತ್ತು ಅಂತ ನಮ್ಮ ಮಾಸ್ತರು ಕಥಿ ಹೇಳತಾರ.”

“ಅಂದ್ರ ಎಷ್ಟು ಹೊಲಸೋ ಅಷ್ಟು ದೊಡ್ಡಸ್ತಿಕಿ! ಹಂಗಾದ್ರ ನಮ್ಮ ಸಾಲಿ ಡಸ್ಟರು ಎಂದೋ ಗುರು ಆಗೇತಿ ಬಿಡು!”

ಮೂಲ್ಯಾಗ ಕುಂತ ಚಂದವ್ವಗ ಮಾತ್ರ ಈ ರಿವಾಜು ಭಾಳ ಮನಸಿಗೆ ಬಂದಿತ್ತು. “ಖರೇ ಐತಿ ತಮ್ಮಾ. ನಿಮ್ಮಪ್ಪನ ಕಂಬಳಿಗೆ ನಾ ಎಂದರ ಸಬಕಾರ ಹಚ್ಚೇನೇನ? ಕುರಿ ಹಿಂದ ತಿರಿಗಿದ ಕಂಬಳಿ, ದೇವರಿಗೆ ಹಾಸೋ ಕಂಬಳಿ. ತೊಳದ್ರ ಕಂಬಳಿ ಉಳಿತೈತೇನ?”

“ಹಂಗಾದ್ರ ಕರಿ ಕಂಬಳಿ ಹೊತ್ತ ನಮ್ಮ ಮಂದಿ ಎಲ್ಲಾ ಹುಟ್ಟಾ ಬ್ಲ್ಯಾಕ್ ಬೆಲ್ಟ್!” ಅಂತ ಸೋಮನಿಂಗ ಎದಿ ಉಬ್ಬಿಸಿದ್ದ.

ಇರಲಿ, ಶನಿವಾರಕ್ಕ ಬರೂಣು. ಮುಂಜಾನಿ ಸಾಲಿ ಮುಗಿಸಿ ಬಂದಂವನ ಸೋಮನಿಂಗ ತೋಳು ಏರಿಸಿದ. ಬಕೀಟ ತಂದ, ಡ್ರೆಸ್ ಅದ್ದಿದ, ಗಂಜಿ ಬಿಡಿಸಿದ, ಅಂಗಳದ ತಂತಿ ಮ್ಯಾಲ ಹಾಕಿದ. ನೀರು ತಟತಟ ಸೋರಾಕತ್ತಿತು. ಕೆಲಸ ಮುಗೀತು! ಖರೇ ಹೇಳಬೇಕಂದ್ರ ಅಂವ ಅಲ್ಲೇ ಕೈ ಒರಸಿಕೊಂಡು ಹಾಸಿಗಿ ಮ್ಯಾಲ ಬಿದ್ದಿದ್ರ ಈ ಕಥಿನೂ ಇರತಿರಲಿಲ್ಲ.

ಅಷ್ಟರಾಗ ಚಂದವ್ವ ದೇವರ ಜಗಲಿಯಿಂದ, ದೇವರಿಗೆ ಏರಿಸೋ ಹಳದಿ ಪುಡಿ ಭಂಡಾರದ ಬಟ್ಟಲ ಹಿಡಕೊಂಡು ಬಂದಳು. “ಹೊಸಾ ಅರಿವಿ. ಭಂಡಾರ ಹಚ್ಚಲಾರದ ಮೈಮ್ಯಾಲ ಹಾಕ್ಕೊಂಡ್ರ ಹೆಂಗ? ಅದೂ ಪರೀಕ್ಷಾಕ್ಕ ಹೋಗಾಕಿ! ನಾಲ್ಕು ಮೂಲಿಗೆ ಒಂದೊಂದು ಬಟ್ಟು ಹಚ್ತೇನಿ, ಬಿಡು.”

ಇಲ್ಲಿ ಸೋಮನಿಂಗನ ಹಳೇ ರೋಗ ಎದ್ದು ಕುಂತಿತು. “ಯವ್ವಾ, ಈ ಭಂಡಾರ ಎಲ್ಲಿದು? ಇಷ್ಟು ಹಳದಿ ಯಾಕ ಐತಿ? ಬಣ್ಣಾ ಗಿಣ್ಣಾ ಕಲಸ್ಯಾರೇನ?”

“ದೇವರ ಭಂಡಾರಕ್ಕ ಹಂಗ ಅನಬಾರದೋ!”

“ಅನ್ನಾಕತ್ತಿಲ್ಲ, ಪರೀಕ್ಷಾ ಮಾಡಾಕತ್ತೇನಿ. ತಾ ಇಲ್ಲಿ.” ಬಟ್ಟಲ ಇಸಗೊಂಡ. ಮೂಗಿನ ಹತ್ತರ ಹಿಡದ. ವಿಜ್ಞಾನಿ ಆದಂವ ಮೂಸಿ ನೋಡಬೇಕಲ್ಲ! ದಮ್ಮು ಹಿಡದು ಜೋರಾಗಿ ಮೂಸಿದ.

“ಆ... ಆ... ಆಕ್ಷೀ!”

ಆ ಸೀನಿಗೆ ಓಣಿ ನಾಯಿ ಎದ್ದು ಓಡಿತು. ಬಟ್ಟಲದಾಗಿನ ಭಂಡಾರ ಅಷ್ಟೂ ಹಾರಿ, ಅಂಗಳ ತುಂಬ ಹಳದಿ ಮೋಡ ಕಟ್ಟಿ, ಕಡೀಕ ಹಸಿ ಡ್ರೆಸ್ಸಿನ ಮ್ಯಾಲ ಸಾವಕಾಶ ಇಳೀತು. ಸೋಮನಿಂಗ ಕಣ್ಣು ತಿಕ್ಕೊಂಡು ನೋಡ್ತಾನ: ಡ್ರೆಸ್ಸು ಬಿಳಿಯಿಂದ ಹಳದಿಗೆ ಪಾಸು!

“ಯಪ್ಪಾ!” ಅಂದಳು ಚಂದವ್ವ. “ನಾ ನಾಲ್ಕು ಬಟ್ಟು ಹಚ್ಚಬೇಕಂದಿದ್ನಿ, ದೇವರು ಪೂರ್ತಿ ಹಚ್ಚಿಬಿಟ್ಟ!”

“ದೇವರಲ್ಲಬೇ, ನಾ ಹಚ್ಚೇನಿ!” ಸೋಮನಿಂಗಗ ಬೆವರು ಒಡೀತು. ಹೆಂಡತಿ ‘ಮತ್ತೇನೂ ಮಾಡಬ್ಯಾಡ್ರಿ’ ಅಂದದ್ದು ಕಿವ್ಯಾಗ ಗುಂಯ್ ಅಂತು. “ಏನೂ ಆಗಿಲ್ಲ. ಸಬಕಾರ ಹಚ್ಚಿದ್ರ ಹೋಗ್ತೈತಿ.”

ಹಚ್ಚಿದ. ಸಾದಾ ಸಬಕಾರಲ್ಲ, ಬಚ್ಚಲದಾಗಿನ ಬಟ್ಟೆ ಸಬಕಾರದ ವಡಿ ಅರ್ಧ ಸವಿಯೋಮಟ ತಿಕ್ಕಿದ. ತಿಕ್ಕಿದಲ್ಲೆಲ್ಲಾ ಹಳದಿ ಹೋಯ್ತು, ಖರೇ. ಆದ್ರ ಬಿಳಿ ಬರಲಿಲ್ಲ. ಕೆಂಪಗ, ಕೇಸರಿ ಕೇಸರಿ ಬಣ್ಣ ಬುಸುಬುಸು ಅಂತ ಎದ್ದು ಬಂತು!

ಚಂದವ್ವ ಎರಡೂ ಕೈ ಗಲ್ಲಕ್ಕ ಬಡ್ಕೊಂಡಳು. “ಭಂಡಾರ ಹೋಗಿ ಕುಂಕಮ ಆತೋ! ರುಕ್ಮವ್ವಾ, ಬಾರಬೇ, ನೋಡ ಬಾ!”

ಬಾಜೂ ಮನಿ ರುಕ್ಮವ್ವ ಹಿಟ್ಟಿನ ಕೈಲೇ ಬಂದಳು. ಪ್ಯಾಂಟಿನ ತೊಡಿ ಮ್ಯಾಗಿನ ಕೆಂಪು ಕಲೆ ನೋಡಿ, “ಇದು ದೇವರ ಪಾದಬೇ! ಕಾಲಿನ ಬಟ್ಟು ಸೈತ ಕಾಣಾಕತ್ತಾವ!” ಅಂತ ಅಡ್ಡಬಿದ್ದಳು. ಅಷ್ಟ ಸಾಕಾತು. ಓಣಿ ಹೆಣ್ಣಮಕ್ಕಳು ಒಬ್ಬೊಬ್ಬರ ಬಂದ್ರು. ಒಬ್ಬಾಕಿ ಊದಿನಕಡ್ಡಿ ತಂದಳು, ಇನ್ನೊಬ್ಬಾಕಿ ಕಾಯಿ ತಂದಳು. ವಿಜ್ಞಾನ ಮಾಸ್ತರನ ಅಂಗಳದಾಗ ಕರಾಟೆ ಪ್ಯಾಂಟಿಗೆ ಆರತಿ!

“ಏ, ಸರೀರಬೇ! ಇದು ನನ್ನ ಹೆಂಡತಿ ಪ್ಯಾಂಟು!”

“ಇದ್ರೇನಾತು, ಪುಣ್ಯಾದ ಪ್ಯಾಂಟು” ಅಂದಳು ರುಕ್ಮವ್ವ.

ಎಲ್ಲಾರನ್ನೂ ಕಳಿಸಿ ಸೋಮನಿಂಗ ಬಾಗಲಾ ಹಾಕ್ಕೊಂಡ. ಈಗ ಉಳಿದಿದ್ದು ಇಂಡಿ ಮಂದಿಯ ಬ್ರಹ್ಮಾಸ್ತ್ರ: ಲಿಂಬಿಹಣ್ಣು! ತಲಿ ಹೊಟ್ಟಿಗೆ ಲಿಂಬಿ, ಹೊಟ್ಟಿ ಉರಿಗೆ ಲಿಂಬಿ, ಗಾಡಿಗೆ ದೃಷ್ಟಿ ಆದ್ರ ಲಿಂಬಿ. ಲಿಂಬಿ ಬಗಿಹರಿಸಲಾರದ ತ್ರಾಸು ಇಂಡಿಯೊಳಗ ಇನ್ನೂ ಹುಟ್ಟಿಲ್ಲ. ಬುಟ್ಟಿ ತುಂಬ ಲಿಂಬಿ ಹಿಂಡಿದ. ಕೈಯಾಗಿನ ಗೆರಿ ಎಲ್ಲಾ ಉರದ್ವು. ಕೆಂಪು ಮಾಯ ಆಗಿ ಹಳದಿ ಹೊಳ್ಳಿ ಬಂತು!

“ದೇವರು ತಿರಿಗಿ ಬಂದ!” ಅಂತ ಚಂದವ್ವ ಕೈ ಮುಗದಳು.

ಹಳದಿ ತಗಿಯಾಕ ಮತ್ತ ಸಬಕಾರ ಹಚ್ಚಿದ. ಕೇಸರಿ! ಕೇಸರಿ ತಗಿಯಾಕ ಮತ್ತ ಲಿಂಬಿ. ಹಳದಿ! ಈ ನಾಟಕ ಎಷ್ಟು ಸಲ ನಡೀತೋ ಅಂವಗ ಗೊತ್ತು, ಬಚ್ಚಲಕ್ಕ ಗೊತ್ತು. “ಇದು ಹಿಂಗ್ಯಾಕ ಆಗಾಕತ್ತೈತಿ?” ಅಂತ ಅಂವ ತಲಿ ಕೆರಕೊಂಡ. ಕುತೂಹಲ ಅನ್ನೋದು ಹೆದರಿಕಿಗಿಂತ ದೊಡ್ಡದು ನೋಡ್ರಿ, ನಡುನಡುವ ಒಂದು ತೋಳಿಗೆ ಬರೇ ಸಬಕಾರ, ಇನ್ನೊಂದು ತೋಳಿಗೆ ಬರೇ ಲಿಂಬಿ ಹಚ್ಚಿ ಬಾಜೂ ಬಾಜೂ ಹಿಡದು ನೋಡಿದ. ಭಾಳ ಚಂದ ಕಂಡಿತು. ಕಾರಣ ಮಾತ್ರ ಹೊಳಿಲಿಲ್ಲ.

ಕಡೀಕ ಅಪ್ಪನ ಧೋತರ ನೆನಪಾತು. ಎಂಥಾ ಮಾಸಿದ ಧೋತರ ಇದ್ರೂ ಅವ್ವ ನೀಲಿ ಹಾಕಿ ಬೆಳ್ಳಗ ಮಾಡತಿದ್ದಳು. ನೀಲಿ ಬಾಟಲಿ ತಗೊಂಡು ಬಕೀಟಿನ್ಯಾಗ ಒಂದು ಹನಿ ಹಾಕಬೇಕಂದ್ರ, ಲಿಂಬಿ ರಸದಾಗ ಜಾರೋ ಕೈ, ಬಾಟಲಿ ಪೂರಾ ಗುಳುಂ ಅಂತ ಒಳಗ ಬಿತ್ತು. ಹಳದಿ ಇದ್ದಲ್ಲಿ ನೀಲಿ ಸೇರಿ ಹಸರಾತು, ತಿಕ್ಕಿ ತಿಕ್ಕಿ ಹಳದಿ ಕಳಕೊಂಡ ಪ್ಯಾಂಟು ಪೂರಾ ನೀಲಿ! ಬಕೀಟಿನ ಹೊರಗ ಜೋತಿದ್ದ ಕೊಳ್ಳಪಟ್ಟಿ, ತೋಳು ಅಷ್ಟ ಇದ್ದಂಗ ಉಳದ್ವು.

ಸಂಜಿ ಆಗಾಕತ್ತಿತು, ಡ್ರೆಸ್ಸು ಇನ್ನೂ ಹಸಿ. ಇಸ್ತ್ರಿ ಪೆಟಗಿ ಪೂರಾ ಕಾಸಿ ಅದರ ಮ್ಯಾಲ ಇಟ್ಟ. ಹೊರಗ ಗೇಟಿನ ಸಪ್ಪಳ ಆತು. ಭಾಗ್ಯಾ ಬಂದಳೇನೋ ಅಂತ ಕಿಡಕ್ಯಾಗ ಹಣಿಕಿ ಹಾಕಿದ. ರುಕ್ಮವ್ವನ ಎಮ್ಮಿ. ಹೊಳ್ಳಿ ನೋಡೋದ್ರಾಗ ಡ್ರೆಸ್ಸಿನ ಬೆನ್ನಿನ ಮ್ಯಾಲ ಹೊಗಿ! ಪೆಟಗಿ ಎತ್ತಿದ್ರ ಅದರ ಆಕಾರದ ಕಂದು ಗುರ್ತು, ನಟ್ಟನಡುವ ಕರ್ರಗ ಸುಟ್ಟ ಕಲೆ.

ಸೋಮನಿಂಗ ಡ್ರೆಸ್ ಎತ್ತಿ ಹಿಡದು ನೋಡಿದ. ಕೊಳ್ಳಪಟ್ಟಿ ಹಳದಿ, ತೋಳು ಕೇಸರಿ, ಬಗಲು ಹಸರು, ಪ್ಯಾಂಟು ನೀಲಿ, ಬೆನ್ನು ಕಂದು, ನಡುವ ಕರಿ. ಭಾಗ್ಯಾ ವರ್ಷಗಟ್ಟಲೆ ಬೆವರು ಸುರಿಸಿ ಏರಬೇಕಾದ ಮೆಟ್ಟಲಾ ಡ್ರೆಸ್ಸು ಒಂದ ದಿನದಾಗ ಏರಿಬಿಟ್ಟಿತ್ತು! ಗಡಬಡಿಸಿ ಮಡಚಿ ಚೀಲದಾಗ ತುಂಬುವಾಗ ಬಲಗಡೆದು ಮ್ಯಾಲ ಬಂತು. ‘ಇರಲಿ, ಹೆಂಗಿದ್ರೂ ಸತ್ತದ್ದ ಡ್ರೆಸ್ಸು’ ಅಂತ ಬಾಯಿ ಬಿಗಿದು ಗಂಟು ಹಾಕಿದ.

ಭಾಗ್ಯಾ ಬಂದಾಕಿನ ಕೇಳಿದಳು, “ಡ್ರೆಸ್ ಆತೇನ್ರಿ?”

“ಆತು. ಪೂರಾ ಆತು.”

“ಕೈ ಯಾಕ ಹಳದಿ ಆಗ್ಯಾವ?”

“ಅವ್ವಗ ಪಲ್ಯಾ ಮಾಡಿಕೊಟ್ನಿ.”

ಚಂದವ್ವ ಗೋಡಿ ಕಡೆ ತಿರಿಗಿ ಕೆಮ್ಮಿದಳು. ಭಾಗ್ಯಾ ಬಚ್ಚಲಕ್ಕ ಹೋಗಿ ಬಂದಳು. ಬಚ್ಚಲ ತುಂಬ ಲಿಂಬಿ ಸಿಪ್ಪಿ. ಆದ್ರೂ ಏನೂ ಕೇಳಲಿಲ್ಲ. ಕೇಳಿದ್ರ ಛಲೋ ಇತ್ತು, ಅಂವನ ಎದಿ ಅಷ್ಟು ಹೊಡಕೋತಿರಲಿಲ್ಲ.

ಐತವಾರ ಮುಂಜಾನಿ ಸಿಂದಗಿ ಬಸ್ಸು. ಹಾಸ್ಟೆಲಿನ ಹುಡಿಗ್ಯಾರ ಕಡಿಂದ ನೋಡಿ ಬರಾಕ ಅಂತ ಪ್ರಿಯದರ್ಶಿನಿ ಅನ್ನೋ ಹುಡಿಗಿ ಜೋಡಿ ಬಂದಿದ್ದಳು. ಹತ್ತನೇತ್ತೆದಾಕಿ, ಸೋಮನಿಂಗನ ಕ್ಲಾಸಿನಾಕಿನ. ಭಾಗ್ಯಾ ಸೀಟಿನ್ಯಾಗ ಕುಂತಲ್ಲೇ ಕೈ ಆಡಿಸಿಕೊಂಡು, “ಇಲ್ಲಿ ಎಡಕ್ಕ... ಎಡಕ್ಕ...” ಅಂತ ಬಾಯಿಪಾಠ ಮಾಡಾಕತ್ತಿದ್ದಳು. ಅದನ್ನ ಕೇಳಿ ಸೋಮನಿಂಗ ಚೀಲದ ಗಂಟು ಇನ್ನೊಂದೀಟು ಬಿಗಿದ. ಚೀಲ ಅಂವನ ತೊಡಿ ಮ್ಯಾಲ ಇತ್ತು.

“ಭಾಗ್ಯಾ, ಡ್ರೆಸ್ಸು ಬಿಳಿನ ಇರಬೇಕೇನ?”

“ಹೌದ್ರಿ.”

“ಒಂದೀಟು ಬ್ಯಾರೆ ಬಣ್ಣ ಹತ್ತಿದ್ರ?”

“ಸಾಲಿನ್ಯಾಗ ನಿಂದ್ರಸಂಗಿಲ್ಲ, ಹೊರಗ ಕಳಸ್ತಾರ.”

“ಭಾಳ ಬಣ್ಣ ಹತ್ತಿದ್ರ?”

ಭಾಗ್ಯಾ ತಿರಿಗಿ ನೋಡಿದಳು. “ಯಾಕ್ರಿ?”

“ಸುಮ್ನ... ಕುತೂಹಲ.”

ಸಿಂದಗಿಯೊಳಗ ಪರೀಕ್ಷಾ ಇಟ್ಟ ಮದವಿ ಕಾರ್ಯಾಲಯದ ಅಂಗಳಕ್ಕ ಕಾಲಿಟ್ಟರ ಎಲ್ಲಿ ನೋಡಿದಲ್ಲಿ ಬಿಳಿ! ಮುದ್ದೇಬಿಹಾಳದಿಂದ, ಬಸವನ ಬಾಗೇವಾಡಿಯಿಂದ ಬಂದ ಹುಡುಗ್ರು, ಹುಡಿಗ್ಯಾರು, ಹತ್ತಿ ಹೊಲಾ ಒಡದಂಗ ನಿಂತಿದ್ದರು. ಭಾಗ್ಯಾ ಚೀಲಕ್ಕ ಕೈ ಚಾಚಿದಳು. ಸೋಮನಿಂಗ ಚೀಲಾ ಅವಚಿ ಹಿಡದು ನಿಂತ. ಹಾಳಾಗ್ಲಿ, ಇನ್ನ ಮುಚ್ಚಿಟ್ಟು ಏನು ಮಾಡೋದು!

“ಭಾಗ್ಯಾ, ನಾ ಹಾಳ ಮಾಡೇನಿ. ನೀ ಬೇಕಾದ್ರ ನಿನ್ನ ಮೊದಲನೇ ಹೊಡತ ನನಗ ಹೊಡಿ.”

ಗಂಟು ಬಿಚ್ಚಿದ. ಡ್ರೆಸ್ಸು ಹೊರಗ ಬಂತು. ಪ್ರಿಯದರ್ಶಿನಿ ಬಾಯಿಗೆ ಕೈ ಹಿಡದಳು. ಹನೀಫ ಮಾಸ್ತರು ಹತ್ತರ ಬಂದು ಒಂದು ತೋಳು ಎತ್ತಿ, ಇನ್ನೊಂದು ತೋಳು ಎತ್ತಿ, ಬೆನ್ನು ತಿರಿಗಿಸಿ ನೋಡಿದರು. “ಮಾಸ್ತರ, ಇಷ್ಟು ವರ್ಷಾತು ಕಲಸಾಕತ್ತೇನಿ. ಬಿಳಿಯಿಂದ ಕರಿ ತನಕ ಒಂದ ದಿನದಾಗ ಹೋದವರನ್ನ ನಾ ನೋಡಿಲ್ಲ! ಹೆಂಗ ಮಾಡಿದ್ರಿ?”

ಸೋಮನಿಂಗ ಎಲ್ಲಾ ಒಪ್ಪಿಕೊಂಡ. ಸೀನಿದ್ದು, ತಿಕ್ಕಿದ್ದು, ಹಿಂಡಿದ್ದು. “ಏನರ ಅನ್ರಿ, ಈ ಭಂಡಾರದಾಗ ಏನೋ ಶಕ್ತಿ ಐತ್ರಿ. ಸಬಕಾರ ಹಚ್ಚಿದ್ರ ಕೆಂಪು ಆಗ್ತೈತಿ, ಲಿಂಬಿ ಹಿಂಡಿದ್ರ ಮತ್ತ ಹಳದಿ. ಯಾಕ ಅಂತ ನನಗ ಇನ್ನೂ ತಿಳಿವಲ್ದು.”

ಪ್ರಿಯದರ್ಶಿನಿ ಕ್ಲಾಸಿನ್ಯಾಗ ಎತ್ತಿದಂಗ ಕೈ ಎತ್ತಿದಳು. “ಸರ್, ನಾ ಹೇಳ್ಲಿರಿ?”

“ಏನು?”

“ಭಂಡಾರ ಅಂದ್ರ ಅರಿಷಿಣರಿ. ಅರಿಷಿಣ ಕ್ಷಾರದಾಗ ಕೆಂಪು, ಆಮ್ಲದಾಗ ಹಳದಿ. ಸಬಕಾರ ಕ್ಷಾರ, ಲಿಂಬಿ ಆಮ್ಲ. ನೀವ ಕಲಿಸೀರಿ ಸರ್! ನಾ ಉಲ್ಟಾ ಬರದೇನಂತ ಹೊಳ್ಳಿ ಹೊಳ್ಳಿ ಬರಸಿದ್ರಿ!”

ಸೋಮನಿಂಗ ಹಣಿ ಹಣಿ ಬಡಕೊಂಡ. ವರ್ಷಾ ವರ್ಷಾ ಸಾಲ್ಯಾಗ ಅರಿಷಿಣದ ಕಾಗದ ಮಾಡಿ ಅಂವನ ತೋರಿಸತಿದ್ದ. ಸಾಲ್ಯಾಗ ಅದು ಅರಿಷಿಣ, ಮನ್ಯಾಗ ಅದು ಭಂಡಾರ. ಎರಡೂ ಒಂದ ಡಬ್ಬಿದು ಅಂತ ನಿನ್ನೆ ಇಡೀ ದಿನ ಅಂವನ ತಲಿಗೆ ಹೊಳದಿರಲಿಲ್ಲ! ರುಕ್ಮವ್ವ ಕಂಡ ದೇವರ ಪಾದ ಹತ್ತನೇತ್ತೆ ಪಾಠ ಆಗಿತ್ತು.

ಅಷ್ಟರಾಗ ಒಳಗಿಂದ ಭಾಗ್ಯಾನ ಹೆಸರು ಕೂಗಿದರು. ಸೋಮನಿಂಗನ ಕಣ್ಣಾಗ ನೀರು ಬಂದವು. ಲಿಂಬಿ ಉರಿ ಅಲ್ಲ, ಖರೇ ನೀರು. “ನನ್ನಿಂದ ನಿನ್ನ ಪರೀಕ್ಷಾ ತಪ್ಪಿತು. ಆ ಹುಡಿಗ್ಯಾರಿಗೆ ನಾ ಏನು ಮಾರಿ ತೋರಿಸಲಿ?”

ಭಾಗ್ಯಾ ತನ್ನ ಕೈಚೀಲ ತಗದಳು. ಅದರಾಗಿಂದ ಹಳೇ ಡ್ರೆಸ್ಸು ಬಂತು. ಮಣಕಾಲ ಹರದದ್ದಕ್ಕ ತಲದಿಂಬಿನ ಬಿಳಿ ಅರಿವಿ ತ್ಯಾಪಿ ಹಚ್ಚಿ, ಸಣ್ಣ ಸಣ್ಣ ಹೊಲಗಿ ಹಾಕಿ, ಒಗದು ಮಡಚಿ ಇಟ್ಟಿತ್ತು. ಹಳದಿ ಬೆಲ್ಟೂ ಅದರ ಜೋಡಿನ ಇತ್ತು.

“ಮಾಸ್ತರ, ಇದು ನಡೀತೈತಿಲ್ರಿ?”

“ತ್ಯಾಪಿ ಇದ್ರ ಏನಾತವಾ? ಬೆಳ್ಳಗಿರಬೇಕು, ಸ್ವಚ್ಛ ಇರಬೇಕು. ಹೊಸಾದ ಇರಬೇಕಂತ ಯಾವ ರಿವಾಜೂ ಇಲ್ಲ” ಅಂದ್ರು ಹನೀಫ ಮಾಸ್ತರು. ಭಾಗ್ಯಾ ಓಡಿ ಹೋಗಿ ಉಟಗೊಂಡು ಬಂದಳು. ಎಡಗಡೆದು ಮ್ಯಾಲ, ಗಂಟು ನಟ್ಟನಡುವ.

ಸೋಮನಿಂಗ ಕಿಡಕಿ ಸಳಿ ಹಿಡಕೊಂಡು ನಿಂತ. ಸಾಲು ಮುಂದ ಹೋಯ್ತು, ಹಿಂದ ಬಂತು. ತಿರಿಗೋ ಜಾಗಾ ಬಂತು. ಅಂವ ಉಸರು ಹಿಡದ. ಎಲ್ಲಾರೂ ಎಡಕ್ಕ ತಿರಿಗಿದರು. ಭಾಗ್ಯಾನೂ ಎಡಕ್ಕ! ಆಕಿ ಹಾಕಿದ ಕೂಗಿಗೆ ಛಾವಣಿ ತಗಡು ಅದುರಿತು. ಹೊರಗ ಸೋಮನಿಂಗ ಹಾಕಿದ ಕೂಗು ಅದಕ್ಕೂ ದೊಡ್ಡದಿತ್ತು, ಪರೀಕ್ಷಕರು ಕಿಡಕಿ ಕಡೆ ನೋಡಿ ಬಾಯಿ ಮ್ಯಾಲ ಬಟ್ಟು ಇಟ್ಟರು.

ಮಧ್ಯಾಹ್ನ ಕೇಸರಿ ಬೆಲ್ಟ್ ಸಿಕ್ತು. ಹನೀಫ ಮಾಸ್ತರು ಅದನ್ನ ಹಾಳಾದ ಡ್ರೆಸ್ಸಿನ ತೋಳಿಗೆ ಹಿಡದು ನೋಡಿ, “ಬಣ್ಣ ಮಾತ್ರ ಬರೋಬ್ಬರಿ ಹಿಡದೀರಿ ಮಾಸ್ತರ” ಅಂದ್ರು. ಪ್ರಿಯದರ್ಶಿನಿ ಬೆಲ್ಟ್ ಕೈಯಾಗ ತಗೊಂಡು ಸವರಿ, “ಅಕ್ಕಾರ, ಸೋಮವಾರದಿಂದ ನಾವೆಲ್ಲಾ ಬರ್ತೀವ್ರಿ. ನನ್ನ ಡ್ರೆಸ್ ಮಾತ್ರ ನಾನ ಒಗಕೋತೇನಿ” ಅಂದಳು.

ಹೊಳ್ಳಿ ಬರೋ ಬಸ್ಸಿನ್ಯಾಗ ಸೋಮನಿಂಗ, ‘ಇನ್ಮ್ಯಾಲ ಯಾಕ ಅಂತ ಕೇಳಂಗಿಲ್ಲ’ ಅಂತ ಕಿವಿ ಹಿಡಕೊಂಡ. ಅದನ್ನ ನೋಡಿ ಭಾಗ್ಯಾಗ ನಗಿ ಬರಾಕತ್ತಿತು. ಆದ್ರ ಹುಟ್ಟಾ ರೋಗ ಎಲ್ಲಿ ಹೋಗ್ತೈತಿ?

“ಭಾಗ್ಯಾ, ಒಂದು ಕಡೀ ಪ್ರಶ್ನೆ.”

“ಕೇಳ್ರಿ.”

“ಕರಾಟೆಯಾಗ ಎಲ್ಲಾದಕಿಂತ ಮೊದಲ ಏನು ಕಲಸ್ತಾರ?”

“ಹೊಡಿಯೋದಲ್ಲರಿ. ಹೊಡತ ಬರೂದು ಕಂಡು, ಅದು ಬಂದು ಮುಟ್ಟೋದ್ರೊಳಗ ಕೈ ಅಡ್ಡ ಹಿಡಿಯೋದು.”

ಸೋಮನಿಂಗ ಆಕಿ ಮಣಕಾಲಿನ ತ್ಯಾಪಿ ನೋಡಿದ. “ಹಂಗಾದ್ರ ಈ ತ್ಯಾಪಿ ಯಾವಾಗ ಹಚ್ಚಿದಿ? ನಿನ್ನೆ ರಾತ್ರಿ ಬಚ್ಚಲಾ ನೋಡಿದ ಮ್ಯಾಲೇನ?”

“ಇಲ್ರಿ” ಅಂದಳು ಭಾಗ್ಯಾ, ಹೊಸಾ ಬೆಲ್ಟ್ ಮಡಚಿ ಗಂಡನ ಕೈಗೆ ಸಿಗಲಾರದಂಗ ತನ್ನ ಚೀಲದಾಗ ಇಟಗೊಂಡು. “ಶುಕ್ರವಾರ ಸಂಜೀಕ. ನಿಮ್ಮ ಚಾ ಮುಗಿಯೋದ್ರೊಳಗ.”